ಹೆಸರು ಕೊಲ್ಹಾಪುರಿ, ಹೊಲಿಗೆ ಅಥಣಿಯದು

ಈ ಸಲದ ವಿಷಯ ಚಪ್ಪಲಿ. ನಗಬೇಡಿ, ಇತಿಹಾಸವನ್ನೇ ಹೇಳ್ತಿದ್ದೀನಿ. ವಿಡಿಯೋದಲ್ಲಿ ಸಮಯ ಸಾಲದೆ ಬಿಟ್ಟ ಕೆಲವು ಮಾತುಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ನನಗೆ ಶೂ ಹುಚ್ಚು ಸ್ವಲ್ಪ ಜಾಸ್ತಿ. ಪುಣೆಯ ನಮ್ಮ ಬಾಡಿಗೆ ಮನೆಯಲ್ಲಿ ಬಾಗಿಲ ಹಿಂದೆ ಹನ್ನೊಂದು ಜೋಡಿ ಇವೆ, ಅದರಲ್ಲಿ ಎಂಟು ನನ್ನವು. ಸೇಲ್ ಶುರುವಾಗೋ ರಾತ್ರಿ ಹನ್ನೆರಡಕ್ಕೆ ಅಲಾರಾಂ ಇಟ್ಟುಕೊಂಡು ಒಂಬತ್ತು ಸಾವಿರದ ಸ್ನೀಕರ್ಸ್ ಆರ್ಡರ್ ಮಾಡಿದವನು ನಾನು. ಅದೇ ನಾನು ಲಕ್ಷ್ಮಿ ರಸ್ತೆಯಲ್ಲಿ ಕೊಲ್ಹಾಪುರಿ ಚಪ್ಪಲಿ ಕೊಳ್ಳುವಾಗ, ಸಾವಿರದ ಇನ್ನೂರು ಅಂದದ್ದನ್ನ ಎಂಟುನೂರಕ್ಕೆ ಇಳಿಸೋಕೆ ಇಪ್ಪತ್ತು ನಿಮಿಷ ಜಗ್ಗಾಡಿದೆ. ಅಂಗಡಿಯವರು ಕೊನೆಗೆ ಬೇಸತ್ತು ಮರಾಠಿಯಲ್ಲಿ ಹೇಳಿದರು, 'ಸಾಹೇಬ್ರೇ, ಇದು ಬೆಳಗಾವ್ ಸೈಡಿನ ಮಾಲು, ಕಮ್ಮಿ ಆಗಲ್ಲ.' ಬೆಳಗಾವಿ ಸೈಡ್ ಅಂದರೆ ಎಲ್ಲಿ ಅಂತ ಕೇಳಿದೆ. 'ಅಥಣಿ' ಅಂದರು.

ನನ್ನ ಅಜ್ಜನ ಊರು ಇರೋದು ಅಥಣಿ ತಾಲ್ಲೂಕಿನಲ್ಲೇ. ನಮ್ಮೂರ ಕಡೆಯ ಚಪ್ಪಲಿಯನ್ನ ಪುಣೆಯಲ್ಲಿ ಕೊಲ್ಹಾಪುರದ ಹೆಸರಲ್ಲಿ, ಅದೂ ಚೌಕಾಸಿ ಮಾಡಿ ಕೊಳ್ತಾ ಇದ್ದೆ. ಅಲ್ಲಿಂದ ಶುರುವಾಯ್ತು ಈ ಓದು.

ಕೊಲ್ಹಾಪುರಿ ಅನ್ನೋದು ಪೇಟೆಯ ಹೆಸರು. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ ಫ್ರಂಟ್‌ಎಂಡ್ ಕೊಲ್ಹಾಪುರದಲ್ಲಿ, ಬ್ಯಾಕ್‌ಎಂಡ್ ಸುತ್ತಲ ಹಳ್ಳಿಗಳಲ್ಲಿ. ಇದರಲ್ಲಿ ಮೋಸ ಏನೂ ಇಲ್ಲ. ನಮಗೆ ಇಷ್ಟು ಮುಖ್ಯ ಅನ್ನಿಸೋ ರಾಜ್ಯದ ಗಡಿ ಬಂದದ್ದೇ 1956ರ ನವೆಂಬರ್ 1ಕ್ಕೆ. ಅದಕ್ಕೂ ಮೊದಲು ಬೆಳಗಾವಿ, ಧಾರವಾಡ, ವಿಜಯಪುರ ಮುಂಬೈ ಪ್ರಾಂತ್ಯದಲ್ಲಿದ್ದವು. ನಡುನಡುವೆ ಸಾಂಗ್ಲಿ, ಮೀರಜ್, ಕುರುಂದವಾಡ, ಜಮಖಂಡಿ, ಮುಧೋಳದಂಥ ಚಿಕ್ಕ ಸಂಸ್ಥಾನಗಳು, ಪಕ್ಕದಲ್ಲಿ ದೊಡ್ಡದಾಗಿ ಕೊಲ್ಹಾಪುರ. ಎಮ್ಮೆ, ಚರ್ಮ, ಬೆಲ್ಲ, ಹೊಗೆಸೊಪ್ಪು ಯಾವ ಭಾಷೆ ಅಂತ ಕೇಳದೆ ಓಡಾಡುತ್ತಿದ್ದವು. 1891ರಲ್ಲಿ ಮೀರಜ್‌ನಿಂದ ಕೊಲ್ಹಾಪುರಕ್ಕೆ ರೈಲು ಬಂತು. ಅಥಣಿ ಪೇಟೆಗೆ ಇವತ್ತಿಗೂ ರೈಲಿಲ್ಲ. ಮಾಲು ಎಲ್ಲಿ ಮಾರಾಟವಾಗುತ್ತೋ, ಎಲ್ಲಿಂದ ರೈಲು ಹತ್ತುತ್ತೋ, ಆ ಊರಿನ ಹೆಸರು ಅದಕ್ಕೆ ಅಂಟಿಕೊಳ್ಳುತ್ತೆ ಅನ್ನೋದು ನನ್ನ ಲೆಕ್ಕ. ಜೊತೆಗೆ 1894ರಿಂದ 1922ರವರೆಗೆ ಆಳಿದ ಶಾಹು ಮಹಾರಾಜರು ಈ ಕಸುಬಿಗೆ ಬೆಂಬಲ ಕೊಟ್ಟರು. ಅರಮನೆಯ ಬೆಂಬಲ ಇರೋ ಊರಿನ ಹೆಸರು ನಿಲ್ಲದೆ ಇನ್ನೇನಾಗುತ್ತೆ?

ಹಾಗಂತ ಹಳ್ಳಿಗಳ ಹೆಸರು ಪೂರ್ತಿ ಅಳಿಸಿಹೋಗಿಲ್ಲ. ಬಲ್ಲವರು ಚಪ್ಪಲಿ ನೋಡಿ ಇದು ಕಾಪಶಿ, ಇದು ಕುರುಂದವಾಡಿ ಅಂತಾರೆ, ಎರಡೂ ಊರುಗಳೇ. 2019ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್, ಸಿಕ್ಕಾಗ ಅದು ಒಂದು ರಾಜ್ಯಕ್ಕೆ ಸಿಗಲಿಲ್ಲ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ, ಒಟ್ಟು ಎಂಟು ಜಿಲ್ಲೆ. ಎರಡೂ ಸರ್ಕಾರಗಳ ಚರ್ಮೋದ್ಯಮ ನಿಗಮಗಳು, ಅವರ ಲಿಡ್‌ಕಾಮ್ ಮತ್ತು ನಮ್ಮ ಲಿಡ್ಕರ್, ಸೇರಿ ಪಡೆದ ಹಕ್ಕು ಅದು.

ಚಪ್ಪಲಿ ಹೇಗೆ ಆಗುತ್ತೆ ಅಂತ ಸ್ವಲ್ಪ ಹೇಳ್ತೀನಿ, ಯಾಕಂದರೆ ಬೆಲೆಯ ಮಾತು ಅಲ್ಲೇ ಇದೆ. ಅಟ್ಟೆಗೆ ಎಮ್ಮೆಯ ಚರ್ಮ. ಹಸಿ ಚರ್ಮವನ್ನ ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ಕೆರೆದು ತೆಗೀತಾರೆ. ಆಮೇಲೆ ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಕಷಾಯ. ಹಳೆಯ ಪದ್ಧತಿಯಲ್ಲಿ ಚರ್ಮವನ್ನೇ ಚೀಲದ ಹಾಗೆ ಹೊಲಿದು, ಒಳಗೆ ಆ ಕಷಾಯ ತುಂಬಿ ತೂಗುಹಾಕ್ತಾರೆ. ಒಳಗಿಂದ ಒಸರಿ ಹೊರಬರುತ್ತಾ ಚರ್ಮ ಹದವಾಗುತ್ತೆ. ಇದಕ್ಕೆ ವಾರಗಟ್ಟಲೆ ಬೇಕು. ರಾಸಾಯನಿಕ ಹಾಕಿ ಬೇಗ ಮುಗಿಸೋ ದಾರಿ ಬೇರೆ ಇದೆ, ಆದರೆ ಆ ಜೇನುಬಣ್ಣ, ಆ ವಾಸನೆ ಬರಲ್ಲ. ಆಮೇಲೆ ಕತ್ತರಿಸೋದು, ಪದರದ ಮೇಲೆ ಪದರ ಇಟ್ಟು ಬಡಿಯೋದು. ಅಸಲಿ ಚಪ್ಪಲಿಯಲ್ಲಿ ಮೊಳೆ ಇರಲ್ಲ, ಚರ್ಮದ ದಾರದ ಹೊಲಿಗೆ. ಪಟ್ಟಿಯ ಮೇಲೆ ಜಡೆ ಹೆಣೆದ ಹಾಗೆ ಕಾಣುತ್ತಲ್ಲ, ಅದಕ್ಕೆ ವೇಣಿ ಅಂತಾರೆ. ಹೆಣೆಯೋದು, ಹೊಲಿಯೋದು ಬಹುಪಾಲು ಮನೆಯ ಹೆಂಗಸರ ಕೆಲಸ, ಪೇಟೆಗೆ ಒಯ್ದು ಮಾರೋದು ಗಂಡಸರು. ಹೀಗಾಗಿ ವೇಣಿ ಹೆಣೆದವಳ ಹೆಸರು ಪೇಟೆಗೆ ಬರೋದೇ ಇಲ್ಲ. 1990ರ ದಶಕದ ಕೊನೆಯ ಹೊತ್ತಿಗೆ ಅಥಣಿಯಲ್ಲಿ ಈ ಹೆಂಗಸರ ಸ್ವಸಹಾಯ ಗುಂಪುಗಳು ಸೇರಿ ಟೋಹೋಲ್ಡ್ ಅನ್ನೋ ಹೆಸರಲ್ಲಿ ಹೊರದೇಶಕ್ಕೂ ಮಾಲು ಕಳಿಸಿದವು. ಇದು ನನಗೆ ಗೊತ್ತೇ ಇರಲಿಲ್ಲ. ನಮ್ಮೂರಿಂದ ಒಂದು ಬಸ್ಸಿನ ದೂರ!

ಈಗ ಕಷ್ಟದ ಮಾತು. ಕನ್ನಡದಲ್ಲಿ ಈ ವಸ್ತುವಿಗೆ ಎಷ್ಟು ಹೆಸರು ನೋಡಿ: ಮೆಟ್ಟು, ಕೆರ, ಜೋಡು, ಎಕ್ಕಡ, ನಮ್ಮ ಕಡೆ ಕಾಲ್ಮರಿ. ಹೆಸರುಗಳಿಗೆ ಬರ ಇಲ್ಲ. ಆದರೆ ಇವುಗಳಲ್ಲಿ ಅರ್ಧ ನಮ್ಮ ಬಾಯಲ್ಲಿ ಬಯ್ಗುಳವಾಗಿಯೇ ಜಾಸ್ತಿ ಬಳಕೆ. ಚರ್ಮ ಹದ ಮಾಡಿದ ಢೋರರು, ಚಪ್ಪಲಿ ಹೊಲಿದ ಸಮಗಾರರು ಊರ ಹೊರಗೆ. ಎಷ್ಟೋ ಹಳ್ಳಿಗಳಲ್ಲಿ ದಲಿತರು ಮೇಲ್ಜಾತಿಯವರ ಓಣಿ ದಾಟುವಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಊರಿಗೆಲ್ಲ ಮೆಟ್ಟು ಮಾಡಿಕೊಟ್ಟವರೇ ಬರಿಗಾಲಲ್ಲಿ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಇದನ್ನ ತಿರುವು ಮುರುವು ಮಾಡೋ ಪ್ರಯತ್ನ ನಡೆದಿತ್ತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಅಂತ ಕಸುಬಿನ ಹೆಸರನ್ನೇ ಮುಂದಿಟ್ಟುಕೊಂಡವರು ಶರಣರ ಸಾಲಿನಲ್ಲಿ ಕೂತರು. ಹರಳಯ್ಯನ ಕಥೆ ನಿಮಗೆಲ್ಲ ಗೊತ್ತಿದೆ. ಹರಳಯ್ಯ ಒಂದು ಶರಣು ಅಂದದ್ದಕ್ಕೆ ಬಸವಣ್ಣ ಎರಡು ಸಲ ಅಂದರು, ಆ ಹೆಚ್ಚಿನ ಒಂದರ ಋಣ ತೀರಿಸೋಕೆ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿದರು, ಬಸವಣ್ಣ ಅದನ್ನ ಮೆಟ್ಟದೆ ತಲೆಯ ಮೇಲೆ ಹೊತ್ತರು. ಶಾಲೆಯಲ್ಲಿ ನಾವು ಇಲ್ಲಿಗೆ ಕಥೆ ನಿಲ್ಲಿಸಿಬಿಡ್ತೀವಿ, ಯಾಕಂದರೆ ಇಲ್ಲಿವರೆಗೆ ಎಲ್ಲರಿಗೂ ಚೆನ್ನಾಗಿದೆ. ಮುಂದಿನದು ಮದುವೆ. ಹರಳಯ್ಯನ ಮಗನಿಗೆ, ಹುಟ್ಟಿನಿಂದ ಬ್ರಾಹ್ಮಣರಾದ ಮಧುವರಸರ ಮಗಳು. ಚಮ್ಮಾವುಗೆಯನ್ನ ಸಹಿಸಿದ ಕಲ್ಯಾಣ ಮದುವೆಯನ್ನ ಸಹಿಸಲಿಲ್ಲ. ಇಬ್ಬರು ತಂದೆಯರಿಗೂ ಮರಣದಂಡನೆ ಆಯ್ತು ಅನ್ನುತ್ತೆ ಪರಂಪರೆ.

ಶಾಹು ಮಹಾರಾಜರ ಬಗ್ಗೆ ಮೇಲೆ ಹೇಳಿದೆನಲ್ಲ. ಅವರು ಚಪ್ಪಲಿಗೆ ಬೆಂಬಲ ಕೊಟ್ಟು ಸುಮ್ಮನಾಗಲಿಲ್ಲ. 1902ರಲ್ಲೇ ತಮ್ಮ ಸಂಸ್ಥಾನದ ಹುದ್ದೆಗಳಲ್ಲಿ ಹಿಂದುಳಿದವರಿಗೆ ಶೇಕಡಾ 50 ಮೀಸಲು ಇಟ್ಟರು. 1920ರ ಮಾರ್ಚ್‌ನಲ್ಲಿ ಮಾಣಗಾವ್ ಪರಿಷತ್ತಿನಲ್ಲಿ ಯುವಕ ಅಂಬೇಡ್ಕರರ ಜೊತೆ ವೇದಿಕೆ ಹತ್ತಿದರು. ಚಪ್ಪಲಿಯನ್ನೂ ಮಾಡುವವರನ್ನೂ ಒಟ್ಟಿಗೆ ನೋಡಿದ ಆಳುವವರು ಬಹಳ ಜನ ಸಿಗಲ್ಲ.

ಇನ್ನು ಪ್ರಾಡಾ. 2025ರ ಜೂನ್‌ನಲ್ಲಿ ಮಿಲಾನ್ ಫ್ಯಾಷನ್ ಷೋನಲ್ಲಿ ಆ ಇಟಲಿ ಕಂಪನಿಯ ಮಾಡೆಲ್‌ಗಳು ಥೇಟ್ ಕೊಲ್ಹಾಪುರಿ ಹಾಕಿಕೊಂಡು ನಡೆದರು. ಕಂಪನಿ ಕೊಟ್ಟ ವಿವರಣೆ ಬರೀ ಚರ್ಮದ ಸ್ಯಾಂಡಲ್ ಅಂತ. ನಮ್ಮ ಆಫೀಸ್ ಗ್ರೂಪ್‌ನಲ್ಲಿ ಮರಾಠಿ ಗೆಳೆಯರು 'ನಮ್ಮದನ್ನ ಕದ್ದರು' ಅಂದರು. ಕನ್ನಡದ ಗ್ರೂಪ್‌ನಲ್ಲಿ ನಾವು 'ನಿಮ್ಮದಲ್ಲ, ನಮ್ಮದು' ಅಂದೆವು. ಸಚಿವ ಪ್ರಿಯಾಂಕ್ ಖರ್ಗೆಯವರೂ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕುಶಲಕರ್ಮಿಗಳನ್ನ ಮರೀಬೇಡಿ ಅಂತ ನೆನಪಿಸಿದರು. ಸರಿಯಾದ ಮಾತೇ. ಆದರೆ ಒಂದು ಗಮನಿಸಿದೆ, ಎರಡೂ ಗ್ರೂಪ್‌ನಲ್ಲಿ ಚಪ್ಪಲಿ ಹೊಲಿಯೋ ಮನೆಯವರು ಒಬ್ಬರೂ ಇರಲಿಲ್ಲ. ಇದ್ದರೆ ಹೇಳಿಕೊಂಡಿರಲಿಲ್ಲ, ಅದೂ ಇರಬಹುದು.

ಕಂಪನಿ ಆಮೇಲೆ ಸ್ಫೂರ್ತಿ ಭಾರತದ್ದು ಅಂತ ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಲಿಡ್‌ಕಾಮ್, ಲಿಡ್ಕರ್ ಜೊತೆ ಒಪ್ಪಂದ ಆಯ್ತು: 2,000 ಜೋಡಿ ಇಲ್ಲಿಯ ಕೈಗಳಲ್ಲೇ ಮಾಡಿಸೋದು, ಜೋಡಿಗೆ ಸುಮಾರು 800 ಯೂರೋ. ಆ 800ರಲ್ಲಿ ವೇಣಿ ಹೆಣೆದವಳ ಕೈಗೆ ಎಷ್ಟು ಬೀಳುತ್ತೆ ಅನ್ನೋದನ್ನ ನೋಡ್ತಾ ಇರಬೇಕು. ಆದರೆ ಈ ಪ್ರಶ್ನೆಯನ್ನ ಮಿಲಾನ್‌ಗೆ ಕೇಳೋಕೆ ನನಗೆ ಸ್ವಲ್ಪ ನಾಚಿಕೆ. ಲಕ್ಷ್ಮಿ ರಸ್ತೆಯಲ್ಲಿ ನಾನು ಉಳಿಸೋಕೆ ಹೊರಟ ನಾಲ್ಕುನೂರು ರೂಪಾಯಿ ಯಾರದ್ದು?

ಒಂದು ನೆನಪು ಹೇಳಿ ಮುಗಿಸ್ತೀನಿ. ನಾನು ಐದಾರು ವರ್ಷದವನಿದ್ದಾಗ, ಸುಗ್ಗಿ ಮುಗಿದ ಮೇಲೆ ಅಜ್ಜನ ಮನೆಗೆ ಒಬ್ಬ ಮುದುಕರು ಬರ್ತಿದ್ದರು. ಕಟ್ಟೆಯ ಕೆಳಗೇ ಕೂರೋರು. ಎಲ್ಲರ ಪಾದವನ್ನ ಹಳೆ ಪೇಪರ್ ಮೇಲೆ ಇರಿಸಿ ಪೆನ್ಸಿಲ್‌ನಿಂದ ಗೆರೆ ಎಳೆಯೋರು. ನನ್ನ ಅಂಗಾಲಿಗೆ ಕಚಗುಳಿಯಾಗಿ ಕಾಲು ಎಳೆದುಕೊಂಡರೆ 'ಸುಮ್ನಿರೋ ಸಾವ್ಕಾರಾ' ಅಂತ ನಗೋರು. ಅವರ ಕಾಲಲ್ಲಿ ಏನೂ ಇರ್ತಿರಲಿಲ್ಲ. ದುಡ್ಡಲ್ಲ, ಜೋಳ ಒಯ್ಯೋರು.

ಈ ಮಾತು ಸಿದ್ಧ ಮಾಡುವಾಗ ಅವ್ವನಿಗೆ ಫೋನ್ ಮಾಡಿ ಅವರ ಹೆಸರೇನು ಅಂತ ಕೇಳಿದೆ. ಅವ್ವ ಜಾತಿಯ ಹೆಸರು ಹೇಳಿದಳು. ಅದಲ್ಲವ್ವಾ, ಹೆಸರು ಅಂದೆ. ಸುಮಾರು ಹೊತ್ತು ಸುಮ್ಮನಿದ್ದು, 'ಹೆಸರಿಟ್ಟು ಯಾರ ಕರೀತಿದ್ರೋ ತಮ್ಮಾ' ಅಂದಳು. ಎರಡು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. ಊರಲ್ಲಿ ವಿಚಾರಿಸಿದ್ದಾಳೆ. ಮುದುಕರು ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯ್ತಂತೆ. ಮೊಮ್ಮಗ ಮೀರಜ್‌ನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನಂತೆ, ಚಪ್ಪಲಿ ಕೆಲಸ ಮನೆಯಲ್ಲಿ ಈಗ ಯಾರೂ ಮಾಡಲ್ಲ. ನಂಬರ್ ಸಿಕ್ಕಿದೆ, ಹೆಸರನ್ನ ಅವನಿಗೇ ಕೇಳು ಅಂದಳು. ನಂಬರ್ ಸೇವ್ ಮಾಡಿಕೊಂಡಿದ್ದೀನಿ. ಫೋನ್ ಮಾಡಿ ಮೊದಲ ಮಾತು ಏನಂತ ಶುರು ಮಾಡೋದು ಅಂತ ಇನ್ನೂ ಗೊತ್ತಾಗ್ತಿಲ್ಲ.