ಆನೆಗೊಂದಿಯ ದಾರಿ ಹಿಡಿಯದ ಬೆಬಿಂಕ

ಗಂಗಾವತಿಯ ಮನೆಯಲ್ಲಿ ನಾನು ಬೆಬಿಂಕ ಮಾಡುತ್ತೇನೆಂದರೆ, ಭತ್ತದ ನಾಡಿಗೆ ಗೋವೆಯ ಸಿಹಿ ಯಾಕವ್ವಾ ಅಂತ ನೆಂಟರು ನಗುತ್ತಾರೆ. ಅವರಿಗೆ ನಾನು ವಿಜಯನಗರದ ಕಾಲದ ಆನೆಗೊಂದಿಯ ಕಡೆ ಕೈ ತೋರಿಸುತ್ತೇನೆ.

1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿತು, ಕುದುರೆ ವ್ಯಾಪಾರವೂ ಅವರ ಹಿಡಿತಕ್ಕೆ ಬಂತು. ವಿಜಯನಗರಕ್ಕೆ ಕುದುರೆ ಬೇಕೇ ಬೇಕಿತ್ತು. 1520ರ ರಾಯಚೂರು ಮುತ್ತಿಗೆಯಲ್ಲಿ ಪೋರ್ಚುಗೀಸ ಕ್ರಿಸ್ತೊವಾವ್ ದೆ ಫಿಗೆರೆದೊನ ಕೋವಿಕಾರರು ಕೃಷ್ಣದೇವರಾಯನ ಪರ ನಿಂತರು. ಆ ಕಾಲಕ್ಕೇ ಬಂದ ಪೋರ್ಚುಗೀಸ ಪ್ರವಾಸಿ ದೊಮಿಂಗೊ ಪಾಯೆಸ್ ಆನೆಗೊಂದಿಯನ್ನೂ ಬುಟ್ಟಿಯಂಥ ಹರಿಗೋಲುಗಳನ್ನೂ ಬರೆದಿಟ್ಟ. ಪೋರ್ಚುಗೀಸರು ತಂದ ಮೆಣಸಿನಕಾಯಿ ಮುಂದೆ ಕುಷ್ಟಗಿ, ಯಲಬುರ್ಗಾದ ರೊಟ್ಟಿ ಬುತ್ತಿಯನ್ನೂ ಹೊಕ್ಕಿತು. ಅವರ ಸಿಹಿ ಮಾತ್ರ ಘಟ್ಟ ಹತ್ತಲಿಲ್ಲ. ಮೊಟ್ಟೆ ಬಿದ್ದ ಸಿಹಿಯನ್ನು ನಮ್ಮ ಹಬ್ಬಗಳು ಒಪ್ಪುವುದುಂಟೇ!

ಪೋರ್ಚುಗಲ್‌ನ ಕಾನ್ವೆಂಟುಗಳ, ಅಂದರೆ ಸನ್ಯಾಸಿನಿಯರ ಮಠಗಳ, ಸಿಹಿಗೆ ಮೊಟ್ಟೆಯ ಹಳದಿ, ಸಕ್ಕರೆಯೇ ಜೀವ. ಗೋವೆಯಲ್ಲಿ ಅದಕ್ಕೆ ತೆಂಗಿನಹಾಲು ಕೂಡಿತು. ನಾನು ಹತ್ತು ಹಳದಿ, ಎರಡು ಕಾಯಿಯ ಗಟ್ಟಿ ಹಾಲು, ಸಕ್ಕರೆ, ಮೈದಾ, ಚೂರು ಜಾಯಿಕಾಯಿ ಕಲಸುತ್ತೇನೆ. ತುಪ್ಪ ಸವರಿದ ಪಾತ್ರೆಗೆ ಒಂದೇ ಸೌಟು ಹಿಟ್ಟು. ಬೆಂಕಿ ಮೇಲಿನಿಂದ ಬರಬೇಕು. ಹಳಬರು ಮುಚ್ಚಳದ ಮೇಲೆ ತೆಂಗಿನ ಚಿಪ್ಪಿನ ಕೆಂಡ ಹರಡುತ್ತಿದ್ದರು, ನನಗೆ ಓವನ್ನಿನ ಮೇಲಿನ ಕಂಬಿಯೇ ಗತಿ. ಮೈ ಕಂದಾಗಿ ಸಕ್ಕರೆ ಕರಕಲಾಗುವ ವಾಸನೆ ಬಂದಾಗ ಒಂದು ಚಮಚ ತುಪ್ಪ, ಮತ್ತೆ ಸೌಟು. ಹೀಗೆ ಏಳು ಪದರ. ಆತುರಗಾರರು ಕೇಸರಿಬಾತ್ ಮಾಡಿಕೊಳ್ಳಲಿ.

ಗೋವೆಯ ಬೆಬಿಂಕಕ್ಕೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಗಂಗಾವತಿಯಲ್ಲಿ ಬೆಂದದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ, ತಿನ್ನಲು ಯಾರ ಅಡ್ಡಿಯೂ ಇಲ್ಲ.