ಪುಣೆಯಲ್ಲಿ ತೆರೆದ ಎರಡು ಬಾಗಿಲುಗಳು

ಪುಣೆಗೆ ಕೆಲಸಕ್ಕೆಂದು ಬಂದ ನಮ್ಮಂಥ ಕನ್ನಡಿಗರು, ಊರಿನಿಂದ ನೆಂಟರು ಬಂದರೆ ಶನಿವಾರವಾಡಾ, ದಗಡೂಶೇಠ್ ಗಣಪತಿ, ಸಿಂಹಗಡ ತೋರಿಸಿ ಕಳಿಸುತ್ತೇವೆ. ಗಂಜ್ ಪೇಠೆಯ ಫುಲೆ ವಾಡಾಕ್ಕೆ ಹೋಗುವವರು ಕಡಿಮೆ. ಹೋದವರೂ ಹೆಣ್ಣುಮಕ್ಕಳ ಶಾಲೆಯ ಕಥೆ ಕೇಳಿ ಬರುತ್ತಾರೆ. ಜೋತಿಬಾ ಮತ್ತು ಸಾವಿತ್ರಿಬಾಯಿ ದಂಪತಿ ತಮ್ಮ ಮನೆಯ ಆವರಣದಲ್ಲೇ 1863ರಲ್ಲಿ ಇನ್ನೊಂದು ಬಾಗಿಲನ್ನೂ ತೆರೆದಿದ್ದರು. ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕಿದ ಹೆಣ್ಣುಮಗಳು ಬದುಕನ್ನು ಮತ್ತೆ ಕಟ್ಟಿಕೊಳ್ಳುವುದು ಹೇಗೆ ಎಂದು ಕೇಳುವವರು ಆ ಬಾಗಿಲಿನ ಕಥೆಯನ್ನೂ ತಿಳಿದಿರಬೇಕು.

ಅದರ ಹಿಂದೆ ಒಂದು ಮೊಕದ್ದಮೆ ಇದೆ. ಕಾಶೀಬಾಯಿ ಎಂಬ ಎಳೆಯ ವಯಸ್ಸಿನ ಬ್ರಾಹ್ಮಣ ವಿಧವೆ ಜೋತಿಬಾ ಅವರ ಸ್ನೇಹಿತ ಗೋವಂಡೆಯವರ ಮನೆಯಲ್ಲಿ ಅಡುಗೆ ಕೆಲಸಕ್ಕಿದ್ದಳು. ನೆರೆಯ ಶಾಸ್ತ್ರಿಯೊಬ್ಬ ಅವಳ ಬೆನ್ನುಬಿದ್ದ. ಅವಳು ಮೊದಮೊದಲು ಒಪ್ಪಲಿಲ್ಲ, ಕೊನೆಗೆ ಅವನ ಬಲೆಗೆ ಬಿದ್ದು ಗರ್ಭಿಣಿಯಾದಳು. ಮದ್ದು ಕುಡಿದರೂ ಗರ್ಭ ಇಳಿಯಲಿಲ್ಲ. ಹೆತ್ತ ಕೂಸನ್ನು ಊರಿನ ಬಾಯಿಗೆ ಹೆದರಿ ಕೊಂದು ಬಾವಿಗೆ ಹಾಕಿದಳು. ನ್ಯಾಯಾಲಯ ಅವಳಿಗೆ ಜೀವಾವಧಿ ದ್ವೀಪಾಂತರ ವಿಧಿಸಿ ಅಂಡಮಾನಿಗೆ ಕಳಿಸಿತು. ಹೋದವಳು ಅವಳೊಬ್ಬಳೇ. ವಿಧವಾ ವಿವಾಹಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕು ಆಗಲೇ 7 ವರ್ಷವಾಗಿತ್ತು. ಆದರೆ ಕಾಶೀಬಾಯಿಯಂಥವರಿಗೆ ಹೋಗಿ ಬಾಗಿಲು ತಟ್ಟಲು ಒಂದು ಮನೆ ಇರಲಿಲ್ಲ.

ಈ ತೀರ್ಪಿನ ಬೆನ್ನಿಗೇ ಫುಲೆ ದಂಪತಿ 'ಬಾಲಹತ್ಯಾ ಪ್ರತಿಬಂಧಕ ಗೃಹ' ತೆರೆದರು. ಊರಿನ ಬ್ರಾಹ್ಮಣ ಕೇರಿಗಳಲ್ಲಿ ಭಿತ್ತಿಪತ್ರ ಅಂಟಿಸಿದರು: ವಿಧವೆಯರು ಗುಟ್ಟಾಗಿ ಇಲ್ಲಿಗೆ ಬಂದು ಹೆರಬಹುದು, ಮಗುವನ್ನು ಕರೆದೊಯ್ಯುವುದೋ ಬಿಟ್ಟುಹೋಗುವುದೋ ಅವರ ಇಷ್ಟ. ಅವಳದು ತಪ್ಪೋ ಒಪ್ಪೋ ಎಂಬ ವಿಚಾರಣೆಗೆ ಅಲ್ಲಿ ಜಾಗವಿರಲಿಲ್ಲ. ಜೋತಿಬಾ 1884ರ ಡಿಸೆಂಬರಿನಲ್ಲಿ ಸರ್ಕಾರಕ್ಕೆ ಬರೆದ ಟಿಪ್ಪಣಿಯಂತೆ, ಅಷ್ಟು ಹೊತ್ತಿಗೆ 35 ಮಂದಿ ಗರ್ಭಿಣಿ ವಿಧವೆಯರು ಬಂದುಹೋಗಿದ್ದರು. ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಬದುಕಿದ್ದವು 5 ಮಾತ್ರ. ಉಳಿದವು ಗರ್ಭ ಇಳಿಸಲು ತಾಯಂದಿರು ಕುಡಿದಿದ್ದ ವಿಷದ ಮದ್ದಿಗೆ ಬಲಿಯಾದವು ಎಂದು ಅವರು ಬರೆದರು. ಆ ತಾಯಂದಿರು ಎಂಥ ಗಂಡಾಂತರ ದಾಟಿ ಆ ಹೊಸ್ತಿಲಿಗೆ ಬಂದಿದ್ದರೆಂಬುದನ್ನು ಈ ಎರಡು ಅಂಕಿಗಳಿಂದಲೇ ಊಹಿಸಬಹುದು.

1874ರ ಹೊತ್ತಿಗೆ ಬಂದ ಮತ್ತೊಬ್ಬ ವಿಧವೆಯ ಹೆಸರೂ ಕಾಶೀಬಾಯಿ. ಅವಳ ಮಗ ಯಶವಂತನನ್ನು ಫುಲೆ ದಂಪತಿ ದತ್ತು ತೆಗೆದುಕೊಂಡರು. ಹುಡುಗ ಓದಿ ವೈದ್ಯನಾದ. 1897ರಲ್ಲಿ ಪುಣೆಗೆ ಪ್ಲೇಗ್ ಬಡಿದಾಗ ಊರಾಚೆ ಚಿಕಿತ್ಸಾಲಯ ತೆರೆದು ನಿಂತ. ಅಲ್ಲಿ ರೋಗಿಗಳ ಆರೈಕೆ ಮಾಡುತ್ತಲೇ ಸೋಂಕು ತಗುಲಿ ಸಾವಿತ್ರಿಬಾಯಿ ಮಾರ್ಚ್ 10ರಂದು ತೀರಿಕೊಂಡರು. ಒಬ್ಬ ಕಾಶೀಬಾಯಿಯ ಮಗು ಬಾವಿ ಸೇರಿತು, ಇನ್ನೊಬ್ಬಳ ಮಗು ಡಾಕ್ಟರಾಯಿತು. ಎದೆಗಾರಿಕೆಯಲ್ಲಿ ಇಬ್ಬರು ತಾಯಂದಿರಿಗೂ ವ್ಯತ್ಯಾಸವಿತ್ತೆಂದು ನನಗೆ ಅನಿಸುವುದಿಲ್ಲ. ಎರಡನೆಯವಳ ಹೊತ್ತಿಗೆ ಗಂಜ್ ಪೇಠೆಯಲ್ಲಿ ಒಂದು ಮನೆ ಇತ್ತು.

ಎರಡನೆಯ ಬಾಗಿಲು ತೆರೆದವರು ನಮ್ಮ ನೆಲದಲ್ಲಿ ಹುಟ್ಟಿದವರು. ಪಂಡಿತಾ ರಮಾಬಾಯಿ ಜನಿಸಿದ್ದು 1858ರಲ್ಲಿ, ತುಂಗಾ ಭದ್ರಾ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಜನರ ವಿರೋಧ ಕಟ್ಟಿಕೊಂಡ ಮನುಷ್ಯ. 1870ರ ದಶಕದ ಕ್ಷಾಮದಲ್ಲಿ ರಮಾಬಾಯಿ ಹೆತ್ತವರನ್ನು ಕಳೆದುಕೊಂಡರು. ಮದುವೆಯಾಗಿ ಎರಡು ವರ್ಷಕ್ಕೆ, 1882ರಲ್ಲಿ, ವಿಧವೆಯಾದರು. ಹಸಿವು ಮತ್ತು ವೈಧವ್ಯ ಎರಡನ್ನೂ ಮೈಮೇಲೆ ಅನುಭವಿಸಿದವರು ಅವರು. 1889ರಲ್ಲಿ ವಿಧವೆಯರಿಗಾಗಿ ಮುಂಬಯಿಯಲ್ಲಿ ಶಾರದಾ ಸದನ ಆರಂಭಿಸಿ, ಮರುವರ್ಷ ಅದನ್ನು ಪುಣೆಗೆ ತಂದರು. ಅಷ್ಟರಲ್ಲಿ ಕ್ರೈಸ್ತರಾಗಿದ್ದ ಅವರ ಮೇಲೆ ಮತಾಂತರದ ವಿವಾದ ಎದ್ದು ಅನೇಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು.

1896-97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಕ್ಷಾಮ ಬಂದಾಗ ರಮಾಬಾಯಿ ಖುದ್ದಾಗಿ ಹೋದರು. ಪರಿಹಾರ ಶಿಬಿರ, ಗಂಜಿಕೇಂದ್ರಗಳಲ್ಲಿ ಕಂಡದ್ದನ್ನು ಬರೆದಿಟ್ಟಿದ್ದಾರೆ: ಒಂದು ಹಿಡಿ ಕಾಳಿಗಾಗಿ ಎಳೆಯ ಹುಡುಗಿಯರು ಮಾರಾಟವಾಗುತ್ತಿದ್ದರು, ಕಾಯಬೇಕಾದವರೇ ಅವರನ್ನು ಕೆಡಿಸುತ್ತಿದ್ದರು. ಅಂಥವರನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಪ್ಲೇಗಿನ ಕಾರಣ ಅಷ್ಟು ಜನರನ್ನು ಪುಣೆಯಲ್ಲಿ ಇಟ್ಟುಕೊಳ್ಳಲು ಅನುಮತಿ ಸಿಗದೆ, ಸೊಲ್ಲಾಪುರದ ರೈಲುದಾರಿಯಲ್ಲಿರುವ ಕೇಡಗಾಂವ್‌ನ ಜಮೀನಿನಲ್ಲಿ ನೆಲೆ ಕೊಟ್ಟರು. ಅದೇ ಮುಕ್ತಿ. ಲೈಂಗಿಕ ಶೋಷಣೆಗೆ ಒಳಗಾಗಿ, ಸಮಾಜ 'ಕೆಟ್ಟವರು' ಎಂದು ಹೊರಹಾಕಿದ ಹೆಂಗಸರಿಗಾಗಿ ಅಲ್ಲಿಯೇ 'ಕೃಪಾ ಸದನ' ಎಂಬ ವಿಭಾಗ ಎದ್ದಿತು.

ಅಲ್ಲಿನ ದಿನಚರಿ ಗಮನಿಸಿ. ಅಕ್ಷರಾಭ್ಯಾಸ, ನೇಯ್ಗೆ, ಹೊಲಿಗೆ, ಹೊಲದ ಕೆಲಸ, ಹೈನು, ಎಣ್ಣೆ ತೆಗೆಯುವುದು, ಮುದ್ರಣಾಲಯ. ಮೊಳೆ ಜೋಡಿಸುವುದರಿಂದ ಪುಸ್ತಕ ಕಟ್ಟುವವರೆಗೆ ಹೆಂಗಸರೇ ಮಾಡುತ್ತಿದ್ದರು. ಕಲಿತವರು ಹೊಸಬರಿಗೆ ಕಲಿಸುತ್ತಿದ್ದರು. ನಿನ್ನೆ ಆಸರೆ ಬೇಡಿ ಬಂದವಳು ಇಂದು ಮತ್ತೊಬ್ಬಳ ಆಸರೆಯಾಗುವ ಏರ್ಪಾಡು ಅದು. ಮೈಗೆ ಆದ ಗಾಯ ಮನಸ್ಸಿನಲ್ಲಿ ಮಾಗಬೇಕಾದರೆ ಕೈಗೊಂದು ಕೆಲಸ, ಆ ಕೆಲಸಕ್ಕೊಂದು ಮರ್ಯಾದೆ ಬೇಕು ಎಂಬುದು ರಮಾಬಾಯಿಗೆ ಗೊತ್ತಿತ್ತು. ಅವರ ಮಗಳು ಮನೋರಮಾ 1912ರಲ್ಲಿ ಕಲಬುರಗಿಯಲ್ಲಿ ಶಾಲೆ ತೆರೆದದ್ದು ಇದೇ ಕೆಲಸದ ಮುಂದುವರಿಕೆ.

ಇಂಥ ಬಾಗಿಲಿನವರೆಗೆ ಬರಲಾಗದವರ ಗತಿ ಏನಾಯಿತು? ಅದೇ 1897ರ ಪ್ಲೇಗಿನ ಪುಣೆಯಲ್ಲೇ ಅದಕ್ಕೂ ಉದಾಹರಣೆಯಿದೆ. ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕುತ್ತಿದ್ದ ಕಾಲ. ಇಂಗ್ಲೆಂಡಿನಲ್ಲಿದ್ದ ಗೋಪಾಲಕೃಷ್ಣ ಗೋಖಲೆಯವರು ಊರಿನಿಂದ ಬಂದ ಪತ್ರಗಳನ್ನು ನಂಬಿ, ಸೈನಿಕರು ಇಬ್ಬರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದ್ದಾರೆ, ಅವರಲ್ಲೊಬ್ಬಳು ಪ್ರಾಣ ಕಳೆದುಕೊಂಡಿದ್ದಾಳೆ ಎಂದು ಪತ್ರಿಕೆಗೆ ಹೇಳಿದರು. ಸರ್ಕಾರ ಸಾಕ್ಷಿ ಕೇಳಿತು. ಪತ್ರ ಬರೆದವರು ಯಾರೂ ಮುಂದೆ ಬರಲಿಲ್ಲ. ಗೋಖಲೆ ತಾಯ್ನಾಡಿಗೆ ಮರಳಿ ಬೇಷರತ್ ಕ್ಷಮೆ ಕೇಳಬೇಕಾಯಿತು. ಚರ್ಚೆ ಮುಂದೆ ಗೋಖಲೆಯವರ ಮಾನ, ಸೈನ್ಯದ ಮಾನದ ಸುತ್ತಲೇ ನಡೆಯಿತು. ಆ ಇಬ್ಬರು ಹೆಂಗಸರ ಮಾತು ದಾಖಲೆಯಲ್ಲಿ ಎಲ್ಲೂ ಇಲ್ಲ.

ಹೆಣ್ಣಿನ ಮಾತಿಗೆ ಕಾನೂನಿನಲ್ಲಿ ಬೆಲೆ ಬರಲು ಬಹಳ ಕಾಲ ಹಿಡಿಯಿತು. ಇದೇ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಪೊಲೀಸ್ ಠಾಣೆಯೊಂದರಲ್ಲಿ 1972ರಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಇಬ್ಬರು ಪೊಲೀಸರು ಅತ್ಯಾಚಾರ ಮಾಡಿದರೆಂಬ ಮೊಕದ್ದಮೆ 'ಮಥುರಾ ಪ್ರಕರಣ'. ಹೈಕೋರ್ಟ್ ಪೊಲೀಸರಿಗೆ ಶಿಕ್ಷೆ ವಿಧಿಸಿದರೂ ಸುಪ್ರೀಂ ಕೋರ್ಟ್ 1978ರಲ್ಲಿ ಅವರನ್ನು ಬಿಟ್ಟಿತು. ಹುಡುಗಿಯ ಮೈಮೇಲೆ ಗಾಯದ ಗುರುತಿಲ್ಲ, ಅವಳು ಪ್ರತಿಭಟಿಸಲಿಲ್ಲ ಎಂಬುದು ಒಂದು ಕಾರಣ. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್ವಾರ್, ರಘುನಾಥ್ ಕೇಳ್ಕರ್ ಎಂಬ ನಾಲ್ವರು ಕಾನೂನು ಪ್ರಾಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಹೆದರಿ ಸುಮ್ಮನಿದ್ದರೆ ಅದು ಒಪ್ಪಿಗೆಯೇ ಎಂಬುದು ಅವರ ಪ್ರಶ್ನೆ. ಮಹಿಳಾ ಸಂಘಟನೆಗಳು ಬೀದಿಗಿಳಿದವು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು: ಪೊಲೀಸ್ ವಶದಲ್ಲಿ ನಡೆದ ಅತ್ಯಾಚಾರದಲ್ಲಿ ಹೆಣ್ಣು ತಾನು ಒಪ್ಪಿರಲಿಲ್ಲ ಎಂದರೆ ನ್ಯಾಯಾಲಯ ಅದನ್ನೇ ನಿಜವೆಂದು ಭಾವಿಸಬೇಕು, ಸಂತ್ರಸ್ತೆಯ ಹೆಸರು ಪ್ರಕಟಿಸುವುದು ಅಪರಾಧ. ಗುಟ್ಟು ಕಾಯುತ್ತೇವೆಂದು ಫುಲೆಯವರು ಗೋಡೆಯ ಮೇಲೆ ಕೊಟ್ಟ ಮಾತು 120 ವರ್ಷದ ನಂತರ ಕಾನೂನಿನ ಪುಸ್ತಕಕ್ಕೆ ಬಂತು.

ಇದನ್ನೆಲ್ಲ ಓದುವಾಗ, ದೌರ್ಜನ್ಯ ದಾಟಿ ಬಂದವರನ್ನು ನಾವು 'ಧೈರ್ಯವಂತೆ' ಎಂದು ಹೊಗಳುವ ರೀತಿ ನನ್ನನ್ನು ಕಾಡುತ್ತದೆ. ಧೈರ್ಯವೇನೋ ಅವರಲ್ಲಿ ಇದ್ದೇ ಇದೆ. 35 ಮಂದಿ ಕತ್ತಲಲ್ಲಿ ಗಂಜ್ ಪೇಠೆಯ ದಾರಿ ಹಿಡಿದದ್ದು ಅದರಿಂದಲೇ. ಆದರೆ ಹೊಗಳಿದಲ್ಲಿಗೆ ನಮ್ಮ ಕೆಲಸ ಮುಗಿಯಿತು ಎಂದುಕೊಂಡರೆ, ಚೇತರಿಸಿಕೊಳ್ಳುವ ಹೊರೆಯನ್ನೂ ಅವಳ ತಲೆಗೇ ಕಟ್ಟಿದಂತಾಗುತ್ತದೆ.

ಹಿಂಜವಡಿ, ಖರಾಡಿಯ ಕಚೇರಿಗಳಲ್ಲಿ ತಂಡ ನಡೆಸುವ ನಮಗೆ ಇದು ದೂರದ ವಿಷಯವಲ್ಲ. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಕಂಪನಿಯ ಕ್ಯಾಬ್ ಕೂಡ ಕೆಲಸದ ಜಾಗವೇ. ವಿಚಾರಣೆ ನಡೆಯುವಾಗ ದೂರು ಕೊಟ್ಟವಳಿಗೆ ಮೂರು ತಿಂಗಳವರೆಗೆ ರಜೆ ಕೊಡಿಸಲು, ಅವಳನ್ನೋ ಆರೋಪಿಯನ್ನೋ ಬೇರೆಡೆ ವರ್ಗ ಮಾಡಿಸಲು ಸಮಿತಿ ಶಿಫಾರಸು ಮಾಡಬಹುದು. ಅತ್ಯಾಚಾರಕ್ಕೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಗಳೂ ಉಚಿತವಾಗಿ ಚಿಕಿತ್ಸೆ ಕೊಡಬೇಕು. 181 ಮಹಿಳೆಯರ ಸಹಾಯವಾಣಿ. ನಿಮ್ಮ ತಂಡದಲ್ಲಿ ಊರು ಬಿಟ್ಟು ಬಂದು, ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಒಬ್ಬಳೇ ಇರುವ, ಮನೆಯವರಿಗೆ ಹೇಳಲಾರದ ಹುಡುಗಿ ಇದ್ದಾಳು. ಅವಳು ಬಂದು ಬಾಯಿ ತೆರೆದ ದಿನ, ಆ ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋಗಿದ್ದೆ ಎಂದು ಕೇಳಬೇಡಿ. ಕೂರಿಸಿ, ನೀರು ಕೊಡಿ, ಈಗ ನಿನಗೆ ಏನು ಬೇಕು ಎಂದು ಕೇಳಿ. ಅವಳ ಕೆಲಸದ ಜಾಗ ಅವಳಿಗಾಗಿ ಉಳಿದಿರುವಂತೆ ನೋಡಿಕೊಳ್ಳಿ.