ಕ್ಯಾಮೆರಾ ತಲುಪದ ಹನ್ನೆರಡು ವೋಲ್ಟ್

ಹಗಲೆಲ್ಲ ಸ್ವಚ್ಛ ಚಿತ್ರ ಕೊಟ್ಟ ಸಿಸಿಟಿವಿ ಕ್ಯಾಮೆರಾ ಕತ್ತಲಾಗುತ್ತಿದ್ದಂತೆ ಕೈಕೊಡುತ್ತದೆ, ಬೆಳಗಾದರೆ ತಾನಾಗಿಯೇ ಸರಿಹೋಗುತ್ತದೆ. ರಿಪೇರಿಯವರಿಗೆ ಬರುವ ದೂರುಗಳಲ್ಲಿ ಇದು ತೀರಾ ಸಾಮಾನ್ಯ. ಕ್ಯಾಮೆರಾ ಕೆಟ್ಟಿತೆಂದು ಹೊಸದನ್ನು ಹಾಕಿಸಿದರೆ ಅದೂ ರಾತ್ರಿ ಆರಿಹೋಗುತ್ತದೆ. ಎಷ್ಟೋ ಸಲ ದೋಷವಿರುವುದು ಕ್ಯಾಮೆರಾದಲ್ಲಲ್ಲ, ಅದಕ್ಕೆ ಕರೆಂಟು ಬರುವ ದಾರಿಯಲ್ಲಿ. ಆ ದಾರಿಗೆ ಎಂಬತ್ತು ವರ್ಷಗಳ ಇತಿಹಾಸವಿದೆ.

1942ರಲ್ಲಿ ಜರ್ಮನಿಯ ಬಾಲ್ಟಿಕ್ ತೀರದ ಪೀನೆಮ್ಯುಂಡೆಯಲ್ಲಿ ವಿ-2 ರಾಕೆಟ್ಟುಗಳ ಉಡಾವಣೆಯನ್ನು ಸುರಕ್ಷಿತ ದೂರದಿಂದ ನೋಡಲು ಟಿವಿ ಕ್ಯಾಮೆರಾಗಳನ್ನು ಅಳವಡಿಸಲಾಯಿತು. ಅದರ ಹಿಂದಿದ್ದ ಎಂಜಿನಿಯರ್ ವಾಲ್ಟರ್ ಬ್ರುಖ್. ಮುಂದೆ ಭಾರತವೂ ಒಪ್ಪಿಕೊಂಡ ಪಾಲ್ ಬಣ್ಣದ ಟಿವಿ ಪದ್ಧತಿಯನ್ನು ರೂಪಿಸಿದವರೂ ಅವರೇ. 1966ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ನರ್ಸ್ ಮೇರಿ ವ್ಯಾನ್ ಬ್ರಿಟನ್ ಬ್ರೌನ್, ಪತಿ ಆಲ್ಬರ್ಟ್ ಜೊತೆ ಸೇರಿ ಮನೆಬಾಗಿಲಿಗೊಂದು ಕ್ಯಾಮೆರಾ ವ್ಯವಸ್ಥೆ ರೂಪಿಸಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1969ರ ಡಿಸೆಂಬರ್‌ನಲ್ಲಿ ಅದು ಮಂಜೂರಾಯಿತು.

ಆ ಕಾಲದ ಕ್ಯಾಮೆರಾದೊಳಗೆ ಇದ್ದದ್ದು ಗಾಜಿನ ಟ್ಯೂಬು. ಅದರ ತಂತಿ ಕಾಯಲು ಆರೇಳು ವೋಲ್ಟು, ಎಲೆಕ್ಟ್ರಾನುಗಳನ್ನು ಓಡಿಸಲು ನೂರಾರು ವೋಲ್ಟು ಬೇಕು. ಹಾಗಾಗಿ ಕ್ಯಾಮೆರಾ ಇರುವಲ್ಲಿಗೇ ಮೇನ್ ಲೈನ್ ಎಳೆಯಬೇಕಿತ್ತು.

1969ರಲ್ಲಿ ಬೆಲ್ ಲ್ಯಾಬ್ಸ್‌ನ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಚಿಪ್ಪನ್ನು ಕಂಡುಹಿಡಿದರು. 2009ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟ ಈ ಚಿಪ್ಪು ಟ್ಯೂಬನ್ನು ಮೂಲೆಗೆ ಸರಿಸಿತು. ಕ್ಯಾಮೆರಾ ಅಂಗೈಯಗಲಕ್ಕೆ ಇಳಿಯಿತು, ಅದರ ಹಸಿವೂ ಇಳಿಯಿತು. ಅಮೆರಿಕದಲ್ಲಿ 24 ವೋಲ್ಟ್ ಎಸಿ ಹೆಚ್ಚು ರೂಢಿಗೆ ಬಂತು. ಅಂಥ ಹಲವು ಕ್ಯಾಮೆರಾಗಳು ಮೇನ್ ಲೈನಿನ ಲಯಕ್ಕೇ ಚಿತ್ರದ ಲಯವನ್ನು ಹೊಂದಿಸಿಕೊಳ್ಳುತ್ತಿದ್ದವು. ಒಂದರ ಎರಡು ತಂತಿ ಅದಲುಬದಲಾದರೂ ಸಾಕು, ಮಾನಿಟರಿನಲ್ಲಿ ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಹೋಗುವಾಗ ಚಿತ್ರ ಉರುಳುತ್ತಿತ್ತು. ತಂತಿ ತಿರುಗಿಸಿ ಹಾಕಿದರೆ ನಿಲ್ಲುತ್ತಿತ್ತು.

ನಮ್ಮಲ್ಲಿ ಬೇರೂರಿದ್ದು 12 ವೋಲ್ಟ್ ಡಿಸಿ. ಚಿತ್ರ ದಾಖಲಿಸುವ ಡಿವಿಆರ್ ಪಕ್ಕದಲ್ಲೊಂದು ಎಸ್‌ಎಂಪಿಎಸ್ (ಮೇನ್ ಲೈನನ್ನು 12 ವೋಲ್ಟ್ ಡಿಸಿಗೆ ಇಳಿಸುವ ಪೆಟ್ಟಿಗೆ), ಅಲ್ಲಿಂದ ಪ್ರತಿ ಕ್ಯಾಮೆರಾಗೆ ‘ತ್ರೀ ಪ್ಲಸ್ ಒನ್’ ಕೇಬಲ್. ಅದರಲ್ಲಿ ವಿಡಿಯೊಗೆ ಒಂದು ಕೋಆಕ್ಸಿಯಲ್, ಜೊತೆಗೆ ಮೂರು ಸಣ್ಣ ತಂತಿ. ಕರೆಂಟು ಹೋಗುವುದು ಈ ಸಣ್ಣ ತಂತಿಗಳಲ್ಲೇ. ಕೆಲಸ ಸಲೀಸಾಯಿತು, ಆದರೆ ತೊಂದರೆಯೂ ಅಲ್ಲೇ ಹುಟ್ಟಿತು.

ಲೆಕ್ಕ ಹೀಗಿದೆ. 24 ಗೇಜಿನ ತಾಮ್ರದ ತಂತಿ 50 ಮೀಟರ್ ಹೋಗಿ ಅಷ್ಟೇ ದೂರ ಮರಳಿದರೆ ಸುಮಾರು 8.4 ಓಮ್ ರೋಧ. ಹಗಲಿನಲ್ಲಿ ಕ್ಯಾಮೆರಾ 0.15 ಆಂಪಿಯರ್ ಎಳೆದರೆ ದಾರಿಯಲ್ಲಿ ಕಳೆದುಹೋಗುವುದು 1.3 ವೋಲ್ಟ್ ಮಾತ್ರ. ರಾತ್ರಿ ಇನ್‌ಫ್ರಾರೆಡ್ ಎಲ್‌ಇಡಿಗಳು ಹೊತ್ತಿಕೊಂಡು ಎಳೆತ ಅರ್ಧ ಆಂಪಿಯರ್‌ಗೆ ಏರಿತೆನ್ನಿ, 4.2 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಸಾಲದಂತೆ, ಕ್ಯಾಮೆರಾಗೆ ಸಿಗುವುದು 7.8 ವೋಲ್ಟ್.

ನುರಿತ ಟೆಕ್ನಿಷಿಯನ್ ಇದನ್ನು ಹಾಡಹಗಲೇ ಹಿಡಿಯಬಲ್ಲ. ಏಣಿ ಹತ್ತಿ ಡಿಸಿ ಪಿನ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ ಪೂರಾ 12 ವೋಲ್ಟ್ ಕಾಣುತ್ತದೆ, ಹೊಸಬರು ಮೋಸಹೋಗುವುದು ಇಲ್ಲೇ. ಕರೆಂಟು ಹರಿಯದ ತಂತಿಯಲ್ಲಿ ವೋಲ್ಟೇಜ್ ಇಳಿಯುವುದಿಲ್ಲ. ನುರಿತವನು ಪಿನ್ನನ್ನು ಮತ್ತೆ ಸಿಕ್ಕಿಸಿ, ಕ್ಯಾಮೆರಾದ ಬೆಳಕಿನ ಸೆನ್ಸರನ್ನು ಅಂಗೈಯಿಂದ ಮುಚ್ಚುತ್ತಾನೆ. ಎಲ್‌ಇಡಿ ಹೊತ್ತಿಕೊಳ್ಳುತ್ತದೆ, ಮೀಟರಿನ ಅಂಕಿ ಕುಸಿಯುತ್ತದೆ, ಚಿತ್ರ ಮಾಯವಾಗುತ್ತದೆ. ಆಗ ದಪ್ಪ ತಂತಿ ಎಳೆಯಬೇಕು, ಇಲ್ಲವೇ ಹತ್ತಿರದಲ್ಲೇ ಬೇರೆ ಅಡಾಪ್ಟರ್ ಕೊಡಬೇಕು. ಆದರೆ ಕ್ಯಾಮೆರಾಗೊಂದು ಕಡೆಯಿಂದ, ಡಿವಿಆರ್‌ಗೆ ಇನ್ನೊಂದು ಕಡೆಯಿಂದ ಕರೆಂಟು ಕೊಟ್ಟು, ಎರಡು ಕಡೆಯ ಅರ್ತಿಂಗ್ ಸಮನಾಗಿರದಿದ್ದರೆ ಪರದೆಯ ಮೇಲೆ ಅಡ್ಡಪಟ್ಟಿಗಳು ಹರಿದಾಡುತ್ತವೆ. ಎಲ್ಲ ಕ್ಯಾಮೆರಾಗಳೂ ಒಟ್ಟಿಗೆ ಮಿನುಗಿದರೆ ಎಸ್‌ಎಂಪಿಎಸ್ ಬಿಚ್ಚಿ ನೋಡಬೇಕು. ಒಳಗಿನ ಕೆಪಾಸಿಟರಿನ ತಲೆ ಉಬ್ಬಿರಬಹುದು.

ಈ ಪಾಡಿಗೆ ದೊಡ್ಡ ಪರಿಹಾರ ಬಂದದ್ದು ಕಂಪ್ಯೂಟರ್ ಜಾಲದ ಕಡೆಯಿಂದ. 1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಕಂಪನಿ ಮೊದಲ ನೆಟ್‌ವರ್ಕ್ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. 2003ರಲ್ಲಿ ಡೇಟಾ ಹೋಗುವ ಕೇಬಲ್ಲಿನಲ್ಲೇ ಕರೆಂಟು ಕಳಿಸುವ ‘ಪಿಒಇ’ ಮಾನದಂಡ ರೂಪುಗೊಂಡಿತು. ವೋಲ್ಟೇಜ್ 48ರ ಆಸುಪಾಸು, ನೆಟ್‌ವರ್ಕ್ ಸ್ವಿಚ್ಚಿನಿಂದ 15.4 ವಾಟ್ ಹೊರಟರೆ ನೂರು ಮೀಟರ್ ಆಚೆ 12.95 ವಾಟ್ ಖಾತರಿ. ವೋಲ್ಟೇಜ್ ನಾಲ್ಕು ಪಟ್ಟಾದಾಗ ಅದೇ ಕೆಲಸಕ್ಕೆ ಕಾಲುಭಾಗದ ಕರೆಂಟು ಸಾಕು, ಹಾಗಾಗಿ ದಾರಿಯ ನಷ್ಟವೂ ಕುಗ್ಗುತ್ತದೆ. ಸ್ವಿಚ್ಚು ಮೊದಲು ಆಚೆ ತುದಿಯಲ್ಲಿ ಸುಮಾರು 25 ಕಿಲೋಓಮ್ ರೋಧ ಇದೆಯೇ ಎಂದು ತಡವಿ ನೋಡಿ, ಆಮೇಲೆ ಪವರ್ ಬಿಡುತ್ತದೆ.

ಈ ತಾಂತ್ರಿಕ ಸಂಗತಿ ಈಗ ಕಾನೂನಿನ ಸಂಗತಿಯೂ ಹೌದು. ಕರ್ನಾಟಕದಲ್ಲಿ ಜನ ಸೇರುವ ಸಂಸ್ಥೆಗಳಿಗೆ ಸಿಸಿಟಿವಿ ಕಡ್ಡಾಯಗೊಳಿಸುವ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಇದೆ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ದೇಶದ ಎಲ್ಲ ಪೊಲೀಸ್ ಠಾಣೆಗಳಲ್ಲೂ ಕ್ಯಾಮೆರಾ ಅಳವಡಿಸುವಂತೆ ಆದೇಶಿಸಿತು. ವಿದ್ಯುತ್ ಇಲ್ಲದ ಕಡೆ ಸೌರ ಅಥವಾ ಪವನ ವಿದ್ಯುತ್ತನ್ನಾದರೂ ಒದಗಿಸುವುದು ರಾಜ್ಯಗಳ ಹೊಣೆ ಎಂದಿತು. ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿ ಅದನ್ನು ಜಿಲ್ಲಾ ಮಟ್ಟದ ಮೇಲ್ವಿಚಾರಣಾ ಸಮಿತಿಗೆ ಕೂಡಲೇ ತಿಳಿಸಬೇಕು. ಲಾಕಪ್ಪಿನಲ್ಲಿರುವ ವ್ಯಕ್ತಿಯ ಮೇಲೆ ಕೈ ಮಾಡಿದರೆ ಅದಕ್ಕೆ ಸಾಕ್ಷಿ ಉಳಿಯಬೇಕೆಂಬುದೇ ಆ ಆದೇಶದ ಉದ್ದೇಶ. ಆ ಸಾಕ್ಷಿ ರಾತ್ರಿ ಹೊತ್ತಿನಲ್ಲೂ ಸಿಗಬೇಕಾದರೆ, ಹೊಸ ಕ್ಯಾಮೆರಾದ ಬಿಲ್ಲಿಗೆ ಸಹಿ ಹಾಕುವ ಮೊದಲು ಯಾರಾದರೂ ಎಲ್‌ಇಡಿ ಹೊತ್ತಿಸಿ ತಂತಿಯ ಕೊನೆಯಲ್ಲಿ ಮೀಟರ್ ಇಟ್ಟು ನೋಡಿರಬೇಕು.